ನೆಲ್ಲಿಗೂ ರೀ, ಅನ್ನಕ್ಕೂ ರೀ

ಸಿರುಗುಪ್ಪ
ಬುಧವಾರ, ೧೧ ಫೆಬ್ರುವರಿ ೨೦೨೬

ಪ್ರೀತಿಯ ಅನುಷಾಳ ಅಪ್ಪನಿಗೆ ನಂದಿನಿಯ ನಮಸ್ಕಾರ.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಅತ್ತೆ, ಮಾವ ಆರಾಮಾಗಿದ್ದಾರೆ. ಫೋನಿರುವಾಗ ಕಾಗದವೇಕೆ ಎನ್ನಬೇಡಿ. ನಾನು ಫೋನಿನಲ್ಲಿ ಬಾಯಿ ತೆರೆದ ಕೂಡಲೇ ಸೆನೆಗಲ್‌ನ ನಿಮ್ಮ ರೈಸ್‌ಮಿಲ್ಲಿನ ಮೋಟಾರು ಕೆಡುತ್ತದೆ, "ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ನಿಮ್ಮ ಜೊತೆಯ ಫಿಟ್ಟರ್ ವಿಜಯಕುಮಾರಣ್ಣ ರಜೆ ಮುಗಿಸಿ ಶುಕ್ರವಾರ ಅಲ್ಲಿಗೆ ಹೊರಟಿದ್ದಾರೆ. ಶೇಂಗಾ ಚಟ್ನಿಪುಡಿಯ ಜೊತೆ ಇದನ್ನೂ ಕೊಡುತ್ತಾರೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಕೊನೆಯವರೆಗೂ ಓದಿ.

ನಿಮ್ಮ ಮಗಳಿಗೆ ಏಳು ತಿಂಗಳಾದರೂ ರಾತ್ರಿ ನಿದ್ದೆ ಎಂಬುದಿಲ್ಲ. ಕುರುಗೋಡಿನಲ್ಲಿ ನಮ್ಮವ್ವ, "ಜಾಗ ಬದಲಾದ್ರ ಮಲಗ್ತಾಳ" ಎಂದಳು. ಸಿರುಗುಪ್ಪಕ್ಕೆ ಬಂದೆ. ಇಲ್ಲಿ ಅತ್ತೆ, "ಹಲ್ಲು ಬಂದ್ರ ಮಲಗ್ತಾಳ" ಎಂದರು. ಎರಡು ಹಲ್ಲು ಬಂದವು. ಈಗ ಕಚ್ಚುತ್ತಾಳೆ, ಮಲಗುವುದಿಲ್ಲ. ಬಳ್ಳಾರಿಯಲ್ಲಿ ಮೂರು ತಾಸು ಕಾದು ಡಾಕ್ಟರಿಗೆ ತೋರಿಸಿದೆ. "ಕೂಸು ಗಟ್ಟಿ ಐತಮ್ಮಾ, ನೀವು ಚಲೋ ನಿದ್ದಿ ಮಾಡ್ರಿ" ಎಂದರು ಆ ಪುಣ್ಯಾತ್ಮರು! ಬಸ್ಸಿನಲ್ಲಿ ಬರುವಾಗ ಮಾತ್ರ ಮಹಾರಾಣಿ ಗೊರಕೆ ಹೊಡೆದಳು.

ತೊಟ್ಟಿಲ ಶಾಸ್ತ್ರಕ್ಕೆ ಬಂದಾಗ, ನಮ್ಮನ್ನೂ ಕರೆದುಕೊಂಡು ಹೋಗಿ ಎಂದದ್ದಕ್ಕೆ ನೀವು ಏನಂದಿರಿ? "ಅಲ್ಲಿ ಎಲ್ಲಾ ಫ್ರೆಂಚ್. ಒಂದು ಮಾತು ಬರಂಗಿಲ್ಲ, ಕೂಸು ಕಟ್ಕೊಂಡು ಏನ್ ಮಾಡ್ತಿ? ಎರಡು ವರ್ಷ ತಡಿ." ಆ ಸಿಟ್ಟಿಗೇ ನೀವು ಹತ್ತು ಪುಟ ಓದಿ ಬಿಟ್ಟುಹೋದ ಫ್ರೆಂಚ್ ಪುಸ್ತಕ ತೆಗೆದೆ. ಹೇಗೂ ಎಚ್ಚರವಾಗಿರುತ್ತೇನಲ್ಲ! ನಮ್ಮವ್ವ ಹಾಡುತ್ತಿದ್ದ ಶಿಶುಗೀತೆಗಳನ್ನು ಒಂದೊಂದಾಗಿ ಫ್ರೆಂಚಿಗೆ ತಿರುಗಿಸತೊಡಗಿದೆ. ತಪ್ಪಾದರೆ ಕೇಳುವುದು ಕೂಸೊಂದೇ. ಅದೇನು ಭಾಷೆಯೋ! ಚಂದ್ರನನ್ನು ಹೆಂಗಸು ಮಾಡಿಟ್ಟಿದ್ದಾರೆ. ನಮ್ಮ ಚಂದಮಾಮನನ್ನು ಅತ್ತೆ ಮಾಡಿ ಹಾಡಬೇಕಾಯಿತು. "ಗುಬ್ಬೀ ಗುಬ್ಬೀ ನೆಲ್ಲು ತಂದ್ಯಾ, ಅಕ್ಕಿ ಮಾಡಿ ಅನ್ನ ಉಂಡ್ಯಾ" ಎಂಬ ಒಂದು ಸಾಲಿಗೆ ನಾಲ್ಕು ರಾತ್ರಿ ಹಿಡಿಯಿತು. ಪುಸ್ತಕದಲ್ಲಿ ನೆಲ್ಲಿಗೂ, ಅಕ್ಕಿಗೂ, ಅನ್ನಕ್ಕೂ ಒಂದೇ ಮಾತು: ರೀ! ಮಿಲ್ಲಿನೊಳಗೆ ಹೋಗುವುದೂ ರೀ, ಹೊರಗೆ ಬರುವುದೂ ರೀ ಆದರೆ, ಅಲ್ಲಿ ಕೂತು ನೀವು ಮಾಡುತ್ತಿರುವುದಾದರೂ ಏನು?

ಹೋದ ವಾರ ನಡುರಾತ್ರಿ ಕೂಸನ್ನು ಹೆಗಲಿಗೆ ಹಾಕಿಕೊಂಡು, "ರೀ... ರೀ... ರೀ..." ಎಂದು ರಾಗ ಎಳೆಯುತ್ತ ಪಡಸಾಲೆಯಲ್ಲಿ ಓಡಾಡುತ್ತಿದ್ದೆ. ಅತ್ತೆ ಎದ್ದು ಲೈಟು ಹಾಕಿದರು. "ಯಾರನ್ನ ಕರೀತಿ ಯವ್ವಾ? ಮಾರೇಶ ಇಲ್ಲಿಲ್ಲಲ್ಲ" ಎಂದು ನನ್ನ ಹಣೆ ಮುಟ್ಟಿ ನೋಡಿದರು. ಫ್ರೆಂಚಿನಲ್ಲಿ ಅನ್ನಕ್ಕೆ ಹಾಗೆನ್ನುತ್ತಾರೆ ಎಂದು ಹೇಳಲು ಹೋದೆ. ಅಳು ಬಂತು. ಅವರು ಕೂಸನ್ನು ಎತ್ತಿಕೊಂಡು ಬೆಳಗಿನವರೆಗೂ ಕೂತರು. ನಾನು ಸತ್ತಂತೆ ಮಲಗಿದೆ. ಎದ್ದಾಗ ಚಹಾ ಕೈಗಿಟ್ಟು, "ಅವನ್ನ ಕೇಳ್ಕೋತ ಕುಂತ್ರ ಕೂಸು ಸಾಲಿಗೆ ಹೋಗೋದಾಕೈತಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೊತ್ತಿಗೆ ಸರಿಯಾಗಿ ಉಣ್ಣಿ. ಸಿಟ್ಟಿನಲ್ಲಿ ಬರೆದಿದ್ದೇನೆ, ನೀವು ಸಿಟ್ಟಿನಲ್ಲಿ ಓದಬೇಡಿ. ಅತ್ತೆ, ಮಾವ ಆಶೀರ್ವಾದ ತಿಳಿಸಿದ್ದಾರೆ. ಅನುಷಾ ಕಾಗದದ ಮೂಲೆ ಕಚ್ಚಿದ್ದಾಳೆ, ಅದೇ ಅವಳ ಮುತ್ತು.

ನಿಮ್ಮ
ನಂದಿನಿ

ಮರೆತಿದ್ದೆ: ವಿಜಯಕುಮಾರಣ್ಣ ಹೊರಗೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಅವರಿಂದ ನಿಮ್ಮ ಮಾಲೀಕರ ಹೆಂಡತಿ ಮಾದಾಮ್ ಅವಾ ಅವರ ನಂಬರು ಪಡೆದು ಒಂದು ತಿಂಗಳಿಂದ ಮಾತಾಡುತ್ತಿದ್ದೇನೆ, ಫ್ರೆಂಚಿನಲ್ಲೇ. ನನ್ನ ತಪ್ಪಿಗೆ ಬಿದ್ದು ಬಿದ್ದು ನಗುತ್ತಾರೆ, ಆದರೂ ತಿಳಿದುಕೊಳ್ಳುತ್ತಾರೆ. ಮಿಲ್ಲಿನ ಹಿಂದಿನ ಎರಡು ಕೋಣೆಯ ಮನೆಯನ್ನು ನಮಗಾಗಿ ತೆರವು ಮಾಡಿಸಿದ್ದಾರೆ. ನಿಮಗೆ ಹೇಳಬೇಡಿ ಎಂದವಳು ನಾನೇ. ನೀವು "ಇರ್ಲಿ ತಗೋ" ಎಂದು ತೊಟ್ಟಿಲ ಶಾಸ್ತ್ರಕ್ಕೆ ಬಂದಾಗ ಸಹಿ ಹಾಕಿಹೋದ ಅರ್ಜಿಗಳಿಂದ ಪಾಸ್‌ಪೋರ್ಟುಗಳು ಬಂದು, ವೀಸಾ ಕೂಡ ಆಗಿದೆ. ಮಾರ್ಚ್ ಆರಕ್ಕೆ ನಾನೂ ಅನುಷಾಳೂ ಅಲ್ಲಿ ಇಳಿಯುತ್ತೇವೆ. ವಿಮಾನ ನಿಲ್ದಾಣಕ್ಕೆ ಬನ್ನಿ. ಆವತ್ತೂ ಮೋಟಾರು ಕೆಟ್ಟರೆ ಚಿಂತೆಯಿಲ್ಲ, ದಾರಿ ಕೇಳಿಕೊಂಡು ನಾವೇ ಬರುತ್ತೇವೆ.