ನೀವು ತಡೆದಿಟ್ಟ ಎರಡು ವರ್ಷ

ವಿಮಾನ ಕಂಪನಿಯ ಪೈಲಟ್ ನೇಮಕಾತಿ ಮುಖ್ಯಸ್ಥರಿಗೆ,

ಮಾನ್ಯರೇ, ಮತ್ತು ನನ್ನ ಗಂಡನ ಮಾಜಿ ಮೇಲಧಿಕಾರಿಗಳೇ,

ನನ್ನ ಗಂಡನಿಗೆ ವಯಸ್ಸಾಯಿತೆಂದು ಕಳೆದ ವಾರ ತೀರ್ಪು ಕೊಟ್ಟಿರಿ. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಸಾಗಣೆ ವಿಮಾನ ಹಾರಿಸಿದ ಚನ್ನವೀರ ಅವರು ನಿಮ್ಮ ಕಂಪನಿಯ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದ ಮೇಲೆ, ನಲವತ್ತೈದು ದಾಟಿದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಕೈಬಿಟ್ಟಿರಿ. ಒಪ್ಪುತ್ತೇನೆ, ದಾಟಿದೆ. ಅದು ದಾಟುವವರೆಗೆ ಅವರನ್ನು ಕಟ್ಟಿಹಾಕಿದ್ದು ಯಾರು ಎಂಬುದು ಮಾತ್ರ ನಿಮಗೆ ಮರೆತಂತಿದೆ. ನಿಮ್ಮ ಕಚೇರಿಗೆ ಬರೆದರೆ ಕಸದ ಬುಟ್ಟಿ ಸೇರುತ್ತದೆಂದು ಈ ಪತ್ರವನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಸೇನೆಯ ಪೈಲಟ್ ಬೆಳಿಗ್ಗೆ ರಾಜೀನಾಮೆ ಕೊಟ್ಟು ಸಂಜೆ ಕಂಪನಿ ಸೇರುವಂತಿಲ್ಲ. ಬಿಡುಗಡೆಗೆ ಅರ್ಜಿ ಹಾಕಬೇಕು, ಮೇಲಧಿಕಾರಿ ಶಿಫಾರಸು ಮಾಡಬೇಕು. ಆಗ ಆ ಮೇಲಧಿಕಾರಿ ನೀವೇ. ನಲವತ್ತಮೂರು ತುಂಬುವ ಮೊದಲೇ ನನ್ನವರು ಅರ್ಜಿ ಕೊಟ್ಟರು. ಮಗಳು ಹತ್ತನೆಯ ತರಗತಿಗೆ ಓದುತ್ತಿದ್ದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ನಾಗರಿಕ ಲೈಸೆನ್ಸಿನ ಪರೀಕ್ಷೆಗೆ ಓದಿಕೊಂಡರು. ನೀವು ಅರ್ಜಿಯನ್ನು ಡ್ರಾಯರಿಗೆ ಸೇರಿಸಿ, ‘ಈಗ ಬೇಡ, ದೇಶ ಮೊದಲು’ ಅಂದಿರಿ. ದೇಶದ ಹೆಸರು ತೆಗೆದ ಮೇಲೆ ಯಾರು ಎದುರಾಡುತ್ತಾರೆ?

ಅದೇ ವರ್ಷ ರಾಯರ ದರ್ಶನಕ್ಕೆಂದು ಮಂತ್ರಾಲಯಕ್ಕೆ ಬಂದವರು, ನಮ್ಮ ಮಾವ ವಿರೂಪಣ್ಣನವರ ಒತ್ತಾಯಕ್ಕೆ ದೇವದುರ್ಗ ತಾಲೂಕಿನ ಗಬ್ಬೂರಿಗೂ ಬಂದಿರಿ. ಜೋಳದ ರೊಟ್ಟಿ, ಪುಂಡಿಪಲ್ಯ ಮತ್ತೆ ಮತ್ತೆ ಹಾಕಿಸಿಕೊಂಡಿರಿ. ಊಟದ ನಡುವೆ ಮಾವ, ‘ನಮ್ಮ ಹುಡುಗನ ಅರ್ಜಿ ಏನಾತ್ರಿ, ಸಾಹೇಬ್ರ?’ ಎಂದು ಕೇಳಿದರು. ‘ಅವನನ್ನು ಬಿಟ್ಟರೆ ನಮ್ಮ ವಿಮಾನಗಳು ಏಳುವುದೇ ಇಲ್ಲ’ ಎಂದು ನೀವು ಹಿಂದಿಯಲ್ಲಿ ಹೇಳಿದಿರಿ. ಕನ್ನಡ ಮಾಡಿ ತಿಳಿಸಿದವಳು ನಾನೇ. ಹಿರಿಯ ಜೀವಕ್ಕೆ ಅದು ನಿರಾಕರಣೆ ಎಂದು ಹೊಳೆಯಲಿಲ್ಲ, ಮಗನಿಗೆ ಬಿರುದು ಸಿಕ್ಕಿತು ಅಂದುಕೊಂಡರು. ಸಂಜೆ ಗುಡಿಯ ಮುಂದೆ ನಾಲ್ಕು ಮಂದಿಯನ್ನು ಕೂಡಿಸಿ ನಿಮಗೆ ಹಾರ ಹಾಕಿ ಶಾಲು ಹೊದಿಸಿದರು. ‘ನಮ್ಮ ಚನ್ನವೀರ ಇಲ್ಲಂದ್ರ ವಿಮಾನ ಏಳಂಗಿಲ್ಲಂತ. ಸಾಹೇಬ್ರ ಹೇಳ್ಯಾರ’ ಎನ್ನುತ್ತ ಓಣಿಗೆಲ್ಲ ಪೇಡೆ ಹಂಚಿದರು. ಮಗನ ಕಾಲಿಗೆ ಹಗ್ಗ ಬಿಗಿದವರನ್ನೇ ಸನ್ಮಾನಿಸಿದ ಮನೆ ನಮ್ಮದು. ನೀವಾದರೂ ‘ಇದು ಸನ್ಮಾನ ಮಾಡುವ ವಿಷಯವಲ್ಲ’ ಎಂದು ಒಂದು ಮಾತು ಹೇಳಬಹುದಿತ್ತಲ್ಲವೇ? ಕೊರಳು ಬಗ್ಗಿಸಿ ಹಾರ ಹಾಕಿಸಿಕೊಂಡು ಕಾರು ಹತ್ತಿದಿರಿ.

ಮುಂದಿನ ವರ್ಷ ದೇಶ ಇದ್ದಕ್ಕಿದ್ದಂತೆ ಸುರಕ್ಷಿತವಾಯಿತು. ಎಷ್ಟು ಸುರಕ್ಷಿತವೆಂದರೆ, ನೀವು ನಿಮ್ಮ ಬಿಡುಗಡೆಯನ್ನು ಮಾಡಿಸಿಕೊಂಡು ವಿಮಾನ ಕಂಪನಿ ಸೇರುವಷ್ಟು. ಆಗ ನಿಮಗೆ ನಲವತ್ತೊಂಬತ್ತು. ನಿಮ್ಮ ಕುರ್ಚಿಗೆ ಬಂದವರು ನನ್ನವರ ಅರ್ಜಿಯನ್ನು ಕೆಲವೇ ವಾರಗಳಲ್ಲಿ ಶಿಫಾರಸು ಮಾಡಿ ಕಳಿಸಿದರು. ಅದು ಮೇಲಿನ ಕಚೇರಿಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ವಯಸ್ಸು ಮೀರಿತ್ತು. ಅಷ್ಟರೊಳಗೆ ನೀವು ಕಂಪನಿಯಲ್ಲಿ ಮೇಲೇರಿ, ನಲವತ್ತೈದು ದಾಟಿದ ಸೇನಾ ಪೈಲಟ್‌ಗಳು ಬೇಡವೆಂಬ ನಿಯಮವನ್ನೂ ತಂದಿದ್ದಿರಿ. ತಾವು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೋ ತಿಳಿಯದು. ನಮ್ಮಲ್ಲಿ ಹೊಟ್ಟೆಕಿಚ್ಚು ಎನ್ನುತ್ತಾರೆ.

ಕಳೆದ ವಾರ ಬೇಡವೆಂದು ಹೇಳಲು ನಿಮ್ಮ ಫೋನು ಬಂದಾಗ ನನ್ನವರು ಊಟ ಮಾಡುತ್ತಿದ್ದರು. ಎಂಜಲು ಕೈಯಲ್ಲೇ ಎದ್ದು ನಿಂತು ‘ಆಗಲಿ ಸರ್’ ಅಂದರು. ಆಮೇಲೆ ನನಗೆ, ‘ಬಿಡು ಶಿವಗಂಗಾ, ರೂಲ್ ಅದ’ ಅಂದರು.

‘ರೂಲ್ ಮಾಡಿದವ್ರು ಯಾರ್ರಿ?’

‘ಅವ್ರ.’

‘ಅರ್ಜಿ ಹಿಡಿದವ್ರು?’

ಅವರು ತಟ್ಟೆ ಸರಿಸಿ ಕೈ ತೊಳೆದುಕೊಂಡರು. ನನಗೆ ಹೊಟ್ಟೆ ಉರಿದದ್ದು ನೀವು ಬೇಡವೆಂದಿದ್ದಕ್ಕಲ್ಲ. ಅವರು ಹಾಗೆ ಎದ್ದು ನಿಂತದ್ದಕ್ಕೆ.

ಈಗ ಅವರು ಮಾನ್ವಿಯಲ್ಲಿ ನನ್ನ ಅಣ್ಣನ ರೈಸ್ ಮಿಲ್ಲಿನ ಅಂಗಳದಲ್ಲಿ ನಿಂತು, ಭತ್ತದ ಲಾರಿಗಳಿಗೆ ‘ಬರ್ಲಿ, ಬರ್ಲಿ’ ಎಂದು ಕೈ ತೋರಿಸುತ್ತಾರೆ. ಮಿಲ್ಲಿನ ಕೆಲಸ ಕೀಳಲ್ಲ, ನಾನು ಬೆಳೆದದ್ದೇ ಅದರ ಅನ್ನದಲ್ಲಿ. ಆದರೆ ಹಾರಾಟ ತಪ್ಪಿದ ಪೈಲಟ್‌ನ ಲೈಸೆನ್ಸು ಹೆಚ್ಚು ದಿನ ಚಾಲ್ತಿಯಲ್ಲಿ ಉಳಿಯುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕೇ? ನಿಮ್ಮ ಮುಂದಿನ ತರಬೇತಿ ತಂಡದಲ್ಲಿ ಅವರಿಲ್ಲದಿದ್ದರೆ ಅವರು ಮತ್ತೆ ವಿಮಾನ ಹಾರಿಸುವುದಿಲ್ಲ. ಅಷ್ಟೇ ಉಳಿದಿರುವುದು.

ಆದ್ದರಿಂದ ನಾನು ದಯೆ ಕೇಳುತ್ತಿಲ್ಲ. ಡ್ರಾಯರಿನಲ್ಲಿ ಕೊಳೆಯಿಸಿದ ಕಾಲವನ್ನು ಅವರ ವಯಸ್ಸಿನಿಂದ ಕಳೆಯಿರಿ, ಮುಂದಿನ ತಂಡ ತರಬೇತಿಗೆ ಹೊರಡುವ ಮೊದಲೇ ಕರೆಯಿರಿ. ಇಲ್ಲವಾದರೆ ನೀವು ಸೇನೆ ಬಿಟ್ಟ ದಿನ, ಕಂಪನಿ ಸೇರಿದ ದಿನ, ನಿಯಮ ತಂದ ದಿನ, ಮೂರನ್ನೂ ಇದೇ ಪತ್ರಿಕೆಯಲ್ಲಿ ಸಹಿ ಮಾಡಿ ಪ್ರಕಟಿಸಿರಿ. ಈ ಪತ್ರದ ಪ್ರತಿಯನ್ನು ನಿಮ್ಮ ಕಂಪನಿಯ ನಿರ್ದೇಶಕರಿಗೆಲ್ಲ ಕಳಿಸಿದ್ದೇನೆ. ಸೇನಾ ಪೈಲಟ್‌ಗಳ ಹೆಂಡತಿಯರ ವಾಟ್ಸಾಪ್ ಗುಂಪಿಗೂ ಹಾಕಿದ್ದೇನೆ. ಅಲ್ಲಿ ನಿಮ್ಮ ಹೆಸರು ಬರೆಯಬೇಕಾಗಲಿಲ್ಲ, ಓದಿದವರೆಲ್ಲ ತಾವೇ ಗುರುತು ಹಿಡಿದರು. ಇಬ್ಬರು ಅತ್ತರು. ಅವರ ಗಂಡಂದಿರ ಅರ್ಜಿಗಳೂ ನಿಮ್ಮ ಬಳಿಯೇ ಇದ್ದವಂತೆ.

ನಿಮಗೂ ಒಂದು ದಿನ ಯಾರದೋ ಸಹಿ ಬೇಕಾಗಲಿ. ಆ ಕುರ್ಚಿಯಲ್ಲಿ ಕೂತವರು ನಿಮ್ಮಷ್ಟೇ ನಯವಾಗಿ ನಿಮಗೆ ದೇಶಪ್ರೇಮ ಬೋಧಿಸಲಿ. ಇದು ಶಾಪ ಎಂದುಕೊಂಡರೆ ಶಾಪವೇ. ಪತ್ರಿಕೆ ನೋಡಿ ನನ್ನವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಮೇಲಧಿಕಾರಿಯ ಬಗ್ಗೆ ಹೀಗೆ ಬರೆಯುತ್ತಾರೆಯೇ ಎಂದು ಕೇಳುತ್ತಾರೆ. ನೀವು ಅವರಿಗೆ ಮೇಲಧಿಕಾರಿ. ನನಗಲ್ಲ.

ಇಂತಿ,
ಯಾರ ಶಿಫಾರಸಿನ ಹಂಗೂ ಇಲ್ಲದ,
ಶಿವಗಂಗಾ ಚನ್ನವೀರ
ರಾಯಚೂರು