ಕೆಮ್ಮು ತಡೆಯದ ಪರದೆ

ಕಯೋಲೆ, ನೈರೋಬಿ
ಭಾನುವಾರ, ಜುಲೈ ೧೪

ದೂರದಲ್ಲಿರುವ ನನ್ನ ಅಮ್ಮಾ,

ನಿನ್ನ ಭುಜದ ನೋವು ಹೇಗಿದೆ? ಜೆಡ್ಡಾದ ಆ ಸೆಕೆಯಲ್ಲಿ ಅಷ್ಟೆತ್ತರದ ಕಿಟಕಿಗಳ ಪರದೆ ಬಿಚ್ಚಿ, ತೊಳೆದು, ಮತ್ತೆ ಏರಿಸುವುದೆಂದರೆ ಸುಮ್ಮನೆಯೇ? ನಿನ್ನ ಯಜಮಾನಿಯ ನಡುಮನೆಯಲ್ಲಿ ಪರದೆಯ ನೆತ್ತಿಗೆ ಹೂಮಾಲೆಯ ಹಾಗೆ ಇಳಿಬಿಟ್ಟ ಬಟ್ಟೆ ಏತಕ್ಕೆಂದು ಕೇಳಿದ್ದೆಯಲ್ಲ, ಅದು ಬರೀ ಅಲಂಕಾರ, ಎಳೆಯುವುದಕ್ಕಲ್ಲ. ಎಳೆದು ಬೈಸಿಕೊಂಡದ್ದು ನಿನ್ನ ತಪ್ಪಲ್ಲ ಬಿಡು. ಅಡುಗೆಮನೆಯಲ್ಲಿ ದಾರ ಜಗ್ಗಿದರೆ ಮಡಿಕೆ ಮಡಿಕೆಯಾಗಿ ಮೇಲೇರುವ ಪರದೆಯಿದೆಯಲ್ಲ, ಅದರೊಳಗೆ ಕಡ್ಡಿಗಳಿರುತ್ತವೆ, ತೊಳೆಯುವ ಮುಂಚೆ ತೆಗೆದಿಡು. ಶಾಲೆಯಲ್ಲಿ ಏನೂ ತಲೆಗೆ ಹತ್ತದ ನನಗೆ ಗಿಕೊಂಬಾ ಸಂತೆಯ ಮುಂಬುವಾ ಅಕ್ಕನ ಹಳೇ ಪರದೆ ಅಂಗಡಿಯಲ್ಲಿ ಕೆಲಸಕ್ಕೆ ಕೂತ ಮೇಲೆ ಇದೆಲ್ಲ ಹೇಗೋ ಹತ್ತಿದೆ. "ನೀನು ಒಂದ್ಕಡೆ ಕೂತಿದ್ದು ಇದೇ ಮೊದಲು ಕಣೋ, ನಿಮ್ಮಮ್ಮಂಗೆ ಬರಿ" ಎನ್ನುತ್ತಾಳೆ ಅಕ್ಕ.

ಈಗ ನಮ್ಮ ಮನೆಯ ಪರದೆಯ ವಿಷಯ. ಒಂದೇ ಕೋಣೆಯನ್ನು ಎರಡು ಮಾಡಲು ನೀನು ಕಟ್ಟಿದ್ದ ಲೇಸಿನ ಪರದೆ ಈಗ ಅಲ್ಲಿಲ್ಲ. ತಂಗಿ ಕಲೊಂಡು ಅದನ್ನು ತಲೆಗೆ ಹೊದ್ದು ಮದುಮಗಳ ಆಟ ಆಡುತ್ತಾಳೆ. ಕೆಲಸಕ್ಕೆ ಹೋಗದೆ ಅಪ್ಪ ಮಲಗಿರುವುದು ಅದರೊಳಗಿಂದ ಕಾಣುತ್ತಿತ್ತು, ಅದೇ ಅವರಿಗೆ ಬೇಡವಾಯಿತು. "ಲೋ, ಒಳಗಿಂದು ಹೊರಗೆ ಕಾಣಬಾರ್ದು, ಕೇಳಿಸಲೂಬಾರ್ದು. ಅಂಥದ್ದೊಂದು ಹೊಲ್ದು ಹಾಕು" ಅಂದರು. ಕಾಣದಂತೆ ಮಾಡಲು ಲೈನಿಂಗ್ ಬಟ್ಟೆ ಸಾಕು, ಕೆಮ್ಮು ತಡೆಯುವ ಬಟ್ಟೆ ನಮ್ಮಲ್ಲಿಲ್ಲ ಎಂದೆ. "ಇಸ್ಕೂಲು ಬಿಟ್ಟೆ, ಈ ನಾಲಿಗೆ ಯಾವಾಗ ಬಿಡ್ತೀಯಪ್ಪಾ?" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಯಾವುದೋ ದೊಡ್ಡ ಮನೆಯ ಹಸಿರು ಮಖಮಲ್ಲು ಸಿಕ್ಕಿತು. ಎರಡು ಪದರ ಲೈನಿಂಗ್ ಕೊಟ್ಟು ನೆಲ ಮುಟ್ಟುವಂತೆ ಹೊಲಿದೆ. ನೆರೆಯವರು ಬಂದು "ಓಹೋ, ಸಾಹುಕಾರ್ರಾಗ್ಬಿಟ್ರಿ!" ಎಂದು ಸವರಿ ನೋಡುತ್ತಾರೆ. ಆಗ ಅಪ್ಪ ಆಚೆಯಲ್ಲಿ ಬಾಯಿಗೆ ದಿಂಬು ಒತ್ತಿಕೊಂಡಿರುತ್ತಾರೆ. ಆಸ್ಪತ್ರೆ ಎಂದರೆ ಗೋಡೆಯತ್ತ ತಿರುಗುತ್ತಾರೆ. ಹೊತ್ತೊಯ್ಯಬಹುದಾದಷ್ಟು ಹಗುರಾಗಿದ್ದಾರಮ್ಮ, ಆದರೂ ನನ್ನಿಂದಾಗುತ್ತಿಲ್ಲ.

ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಊಟ ಮಾಡು. ಕಲೊಂಡು ಮುತ್ತು ಕಳಿಸಿದ್ದಾಳೆ. ಅಪ್ಪ "ಚೆನ್ನಾಗಿದೀನಿ ಅಂತ ಬರಿ" ಅಂದಿದ್ದಾರೆ, ಬರೆದಿದ್ದೇನೆ.

ನಿನ್ನ ಮಗ,
ಮುಸ್ಯೋಕಿ

ಇನ್ನೊಂದು ಮಾತು: ವಾಯುವಾ ಚಿಕ್ಕಮ್ಮ ಜೆಡ್ಡಾಗೆ ಹೊರಟು ನಿಂತಿದ್ದಾರೆ, ಅವರ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಕೆಮ್ಮಿದರೆ ರಕ್ತ ಬರುತ್ತಿದೆ. ನಿನಗೆ ಹೇಳುವುದಿಲ್ಲವೆಂದು ಮಾತು ಕೊಡು ಎಂದರು, ನಾನು ಕೊಡಲಿಲ್ಲ. ಇದು ತಲುಪಿದ ಕೂಡಲೇ ಫೋನು ಮಾಡು, ನಾನು ಪರದೆ ಸರಿಸಿ ಅವರ ಕಿವಿಗೇ ಹಿಡಿಯುತ್ತೇನೆ. ಹೇಗಿದ್ದೀರಿ ಎಂದು ಮಾತ್ರ ಕೇಳಬೇಡ ಅಮ್ಮಾ. ಬೈದುಬಿಡು.