ಹನ್ನೊಂದು ಮಂದಿಗೆ ಒಂದೇ ಇಮೇಲ್

ಜೇವರ್ಗಿ, ಸೋಮವಾರ, 9 ಜೂನ್ 2025

ಸಿಟ್ಟು ಇನ್ನೂ ಇಳಿದಿಲ್ಲ. ಆರು ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದ ನನ್ನನ್ನು ಕಲಬುರಗಿಯ ಒಂದು ಆಸ್ಪತ್ರೆ ಅರ್ಜಿ ಹಾಕಿದ ಐದೇ ನಿಮಿಷದಲ್ಲಿ ಬೇಡ ಅಂದಿತ್ತು. ಯಾಕೆಂದು ಕೇಳಲು ಇವತ್ತು ಫೋನ್ ಮಾಡಿ ಅರ್ಜಿ ನಂಬರ್ ಹೇಳಿದೆ.

"ದತ್ತಪ್ಪ ಅಂದ್ರ ನೀವೇ ಏನ್ರಿ?" ಅಂದಳು ಆ ಕಡೆಯ ಹುಡುಗಿ. "ಎಂಟನೇ ಕ್ಲಾಸ್, ಡ್ರೈವರ್ ಕೆಲಸ ಅಂತ ತೋರಸಾಕತ್ತದರಿ. ಎಲ್ಲಾ ಅರ್ಜಿಗೂ ಒಂದೇ ಇಮೇಲ್ ಇದ್ರ ಸಾಫ್ಟ್‌ವೇರ್ ಒಬ್ಬರೇ ಅಂತ ಹಿಡಿತದ. ಮೊದಲಿನ ಅರ್ಜಿ ರಿಜೆಕ್ಟ್ ಆದ್ರ ಅದರ ಹಿಂದ ಬಂದವೂ ಹೋಗ್ತಾವ."

ಕೊಳಕೂರದ ದತ್ತಪ್ಪ ಕಾಕಾನ ಅರ್ಜಿಯನ್ನೂ ನನ್ನದನ್ನೂ ತುಂಬಿದ್ದು ಆನ್‌ಲೈನ್ ಸೆಂಟರಿನ ಶಿವಪ್ರಕಾಶ. ಅಲ್ಲಿಗೇ ಹೋಗಿ ಕೇಳಿದೆ.

"ಯಾರಿಗೂ ಇಮೇಲ್ ನೆನಪಿರಂಗಿಲ್ರಿ ಅಕ್ಕೋರೆ. ಆ ದವಾಖಾನಿಗೆ ಹಾಕಿದ ಹನ್ನೊಂದು ಮಂದಿಗೂ ನಂದೇ ಕೊಟ್ಟೀನಿ. ಉತ್ತರ ಬಂದ್ರ ಪ್ರಿಂಟ್ ತಗದು ಕೊಡ್ತೇನಿ," ಅಂದ, ಉಪಕಾರ ಮಾಡಿದವನ ಹಾಗೆ.

ಬಾಯಿಗೆ ಬಂದಂತೆ ಬೈದೆ. ಬೈದು ಏನು ಬಂತು? ಅವನು ಅರ್ಜಿ ತುಂಬುವಾಗ ಪಕ್ಕದಲ್ಲೇ ಕುಳಿತು ಹೂಂಗುಟ್ಟಿದವಳು ನಾನೇ.

ಓದಿ ಬೇಡ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಅರ್ಜಿಯನ್ನು ಆ ಸಾಫ್ಟ್‌ವೇರ್ ತೆರೆದೇ ಇಲ್ಲ! ಹನ್ನೊಂದು ಜೀವಗಳನ್ನು ಒಬ್ಬನೇ ಎಂದು ಹಿಡಿದು ಒಟ್ಟಿಗೇ ಹೊರಗೆ ಹಾಕಿದೆ.

"ಉಣ್ಣಾಕ ಬಾ ಯಶೋಧರಾ, ಆ ಫೋನ್ ಮ್ಯಾಲ ಯಾಕ ಸಿಟ್ಟು?" ಅವ್ವ ಎರಡನೇ ಸಲ ಕರೆಯುತ್ತಿದ್ದಾಳೆ. ನನ್ನದೇ ಒಂದು ಇಮೇಲ್ ಮಾಡಿಕೊಳ್ಳಲು ಕುಳಿತಿದ್ದೇನೆ. ಹೆಸರು ಹೊಡೆದೆ. ಈ ಹೆಸರು ಆಗಲೇ ಬೇರೆಯವರದು ಅಂತ ಬಂತು.

ಮತ್ತೆ ಹೊಡೆದೆ. ಮತ್ತೆ ಅದೇ ಉತ್ತರ.